ಗ್ಯಾಸ್ಟ್ರಿಕ್ ಎಂಬ ಪದ ಮತ್ತು ಬೆಳ್ಳಾವೆಯ ಮೇಷ್ಟ್ರು

ತುಮಕೂರಿನಲ್ಲಿ ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಿಷಿಯನ್ ಓದುವ ಮಕ್ಕಳಿಗೆ ನಾನು ಶರೀರದ ಪಾಠ ಹೇಳುತ್ತೇನೆ. ಅವರಲ್ಲಿ ಗುಬ್ಬಿ, ಕುಣಿಗಲ್ ಕಡೆಯಿಂದ ಬಸ್ಸಿನಲ್ಲಿ ಬಂದುಹೋಗುವವರು ಬಹಳ. ಹತ್ತನೇ ತರಗತಿಯವರೆಗೆ ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಂದು ಕನ್ನಡದಲ್ಲಿ ಓದಿದವರ ಕೈಗೆ ಇಲ್ಲಿ ಮೊದಲ ವರ್ಷವೇ ದಪ್ಪನೆಯ ಇಂಗ್ಲಿಷ್ ಪುಸ್ತಕ ಬರುತ್ತದೆ. ಅದನ್ನು ಓದಿ ಮುಗಿಸಿ ವಾರ್ಡಿಗೆ ಹೋದರೆ, ಮಂಚದ ಮೇಲಿನ ರೋಗಿ ಮಾತಾಡುವುದು ಮತ್ತೆ ಕನ್ನಡ. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಹೀಗೆ ಎರಡು ಸಲ ಹೊಳೆ ದಾಟುವಾಗ ಎಷ್ಟು ತಿಳಿವಳಿಕೆ ನೀರಿಗೆ ಬೀಳುತ್ತದೆ?

ಈ ಹೊಳೆ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. 1822ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತೆಯಲ್ಲಿ ನೇಟಿವ್ ಮೆಡಿಕಲ್ ಇನ್‌ಸ್ಟಿಟ್ಯೂಷನ್ ತೆರೆದಾಗ ಪಾಠ ನಡೆಯುತ್ತಿದ್ದುದು ದೇಶಭಾಷೆಯಲ್ಲಿ. ಯುರೋಪಿನ ಅಂಗರಚನೆಯ ಪುಸ್ತಕಗಳನ್ನು ಅನುವಾದಿಸಿ ಕಲಿಸುತ್ತಿದ್ದರು. ಆದರೆ ಮನುಷ್ಯನ ಶವವನ್ನು ಕೊಯ್ದು ನೋಡುವ ಪಾಠ ಅಲ್ಲಿರಲಿಲ್ಲ. 1835ರಲ್ಲಿ ಅದನ್ನು ಮುಚ್ಚಿ, ಇಂಗ್ಲಿಷಿನಲ್ಲಿ ಕಲಿಸುವ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. ಮರುವರ್ಷ ಪಂಡಿತ ಮಧುಸೂದನ ಗುಪ್ತ ಅಲ್ಲಿ ಶವಚ್ಛೇದನಕ್ಕೆ ಕೈಹಾಕಿದರು. ದೇಹವನ್ನು ಕಣ್ಣಾರೆ ಕಂಡು ಕಲಿಯುವ ದಾರಿ ತೆರೆಯಿತು. ಕಂಡದ್ದನ್ನು ಊರಿನ ಮಾತಿನಲ್ಲಿ ಹೇಳುವ ದಾರಿ ಮುಚ್ಚಿತು. ಇದು ಲಾಭವೋ ನಷ್ಟವೋ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡಲಾರೆ. ಎರಡೂ ಒಟ್ಟಿಗೇ ಆದವು.

ಮೈಸೂರು ಸಂಸ್ಥಾನವೂ ಇದೇ ಜಾಡಿನಲ್ಲಿ ನಡೆಯಿತು. 1917ರಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಸ್ಕೂಲ್ ಶುರುವಾಯಿತು. 1924ರಲ್ಲಿ ಅದು ಕಾಲೇಜಾಗಿ, 1930ರಲ್ಲಿ ಮೈಸೂರಿಗೆ ಹೋಯಿತು. ತುಮಕೂರಿಗೆ ಮೆಡಿಕಲ್ ಕಾಲೇಜು ಬಂದದ್ದು 1988ರಲ್ಲಿ, ಶ್ರೀ ಸಿದ್ಧಾರ್ಥ ಸಂಸ್ಥೆಯಿಂದ. ಕಾಲೇಜು ಮನೆಬಾಗಿಲಿಗೆ ಬಂತು, ಪಾಠದ ಭಾಷೆ ಮಾತ್ರ ಬದಲಾಗಲಿಲ್ಲ.

ಹಾಗೆಂದು ಕನ್ನಡಕ್ಕೆ ವೈದ್ಯದ ಮಾತು ಗೊತ್ತಿರಲಿಲ್ಲವೆ? ಹನ್ನೆರಡನೇ ಶತಮಾನದಲ್ಲೇ ಕೀರ್ತಿವರ್ಮ ಗೋವೈದ್ಯವನ್ನೂ ಜಗದ್ದಳ ಸೋಮನಾಥ ಕಲ್ಯಾಣಕಾರಕವನ್ನೂ ಕನ್ನಡದಲ್ಲಿ ಬರೆದಿದ್ದರು. ಹದಿನಾಲ್ಕನೇ ಶತಮಾನದ ಮಂಗರಾಜ ವಿಷವೈದ್ಯಕ್ಕೆಂದೇ ಖಗೇಂದ್ರಮಣಿದರ್ಪಣ ರಚಿಸಿದ. ಭಾಷೆಗೆ ಶಕ್ತಿ ಇತ್ತು. ಹೊಸ ವಿಜ್ಞಾನವನ್ನು ಅದರೊಳಕ್ಕೆ ತರುವವರು ಬೇಕಾಗಿದ್ದರು.

ಅಂಥವರಲ್ಲಿ ಮೊದಲಿಗರೊಬ್ಬರು ನಮ್ಮ ಸೀಮೆಯವರೇ. ಬೆಳ್ಳಾವೆ ತುಮಕೂರು ತಾಲ್ಲೂಕಿನ ಊರು. ಆ ಊರನ್ನು ಹೆಸರಿನ ಮುಂದಿಟ್ಟುಕೊಂಡ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಮೇಷ್ಟ್ರು. ಮೆಡಿಕಲ್ ಸ್ಕೂಲ್ ಶುರುವಾದ ಮರುವರ್ಷ, 1918ರಲ್ಲಿ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ಹೊರಡಿಸಿದರು. ಅದು ಬಹುಕಾಲ ಬಾಳಲಿಲ್ಲ. ಮೇಷ್ಟ್ರು ಸುಮ್ಮನಾಗಲಿಲ್ಲ, ಪಂಪಭಾರತವನ್ನು ಸಂಪಾದಿಸಿದ ಕೈಯಿಂದಲೇ ‘ಜೀವವಿಜ್ಞಾನ’ ಎಂಬ ಪುಸ್ತಕವನ್ನೂ ಬರೆದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪಂಪನನ್ನೂ ಜೀವಕೋಶವನ್ನೂ ಒಂದೇ ಭಾಷೆಯ ಕೆಲಸ ಎಂದು ನಂಬಿದ ತಲೆಮಾರು ಅದು. ಮುಂದೆ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು ಬಂದವು. ವೈದ್ಯೆ ಅನುಪಮಾ ನಿರಂಜನರು ‘ಕೇಳು ಕಿಶೋರಿ’ಯಂಥ ಪುಸ್ತಕದಲ್ಲಿ, ಹೆಣ್ಣುಮಕ್ಕಳಿಗೆ ಮನೆಯಲ್ಲಿ ಯಾರೂ ಹೇಳದ ದೇಹದ ಸಂಗತಿಗಳನ್ನು ಹೇಳಿದರು.

ಪದಗಳನ್ನು ಹುಟ್ಟಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂಬುದನ್ನು ತರಗತಿ ನನಗೆ ದಿನವೂ ತೋರಿಸುತ್ತದೆ. ಏಟ್ರಿಯಂ ಎಂದರೂ ಅಷ್ಟೇ, ಹೃತ್ಕರ್ಣ ಎಂದರೂ ಅಷ್ಟೇ, ಎರಡೂ ಬಾಯಿಪಾಠವೇ. ಮೇಲಿನ ಎರಡು ಕೋಣೆ ರಕ್ತವನ್ನು ತುಂಬಿಕೊಳ್ಳುತ್ತವೆ, ಕೆಳಗಿನ ಎರಡು ದೂಡುತ್ತವೆ ಎಂದಾಗ ಮುಖ ಅರಳುತ್ತದೆ. ಊರುಗಳ ಹೆಸರೂ ನೆರವಿಗೆ ಬರುತ್ತವೆ. ಗುಬ್ಬಚ್ಚಿಯ ಎದೆ ನಿಮಿಷಕ್ಕೆ 400ಕ್ಕೂ ಹೆಚ್ಚು ಸಲ ಬಡಿಯುತ್ತದೆ. ಕುಣಿಗಲ್ ಫಾರಂನಲ್ಲಿ ಸುಮ್ಮನೆ ನಿಂತ ಕುದುರೆಯದು 30ರಿಂದ 40 ಸಲ. ನಮ್ಮದು 60ರಿಂದ 100. ಚಿಕ್ಕ ಮೈ ಬೇಗ ಬಿಸಿ ಕಳೆದುಕೊಳ್ಳುತ್ತದೆ, ಹೆಚ್ಚು ಉರಿಸಬೇಕು, ಅದಕ್ಕೆ ರಕ್ತ ಬೇಗ ಬೇಗ ಓಡಾಡಬೇಕು. ಇಷ್ಟು ತಿಳಿದ ಹುಡುಗಿಗೆ, ಕೂಸಿನ ನಾಡಿ ದೊಡ್ಡವರಿಗಿಂತ ಜೋರಾಗಿರುವುದನ್ನು ಕಂಡು ಗಾಬರಿಯಾಗುವುದಿಲ್ಲ.

ಇದೆಲ್ಲ ಬರೀ ಪರೀಕ್ಷೆಯ ಮಾತಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಕಡೆ ಎದೆ ಹಿಂಡಿದರೂ ‘ಗ್ಯಾಸ್ಟ್ರಿಕ್’, ಹೊಟ್ಟೆ ಉರಿದರೂ ‘ಗ್ಯಾಸ್ಟ್ರಿಕ್’. ಒಂದು ಸೋಡಾ ಕುಡಿದು ಮಲಗಿದರೆ ಸರಿಹೋಗುತ್ತದೆ ಎಂಬ ನಂಬಿಕೆ. ಇಂಗ್ಲಿಷ್ ಪದ ಹಳ್ಳಿಯವರೆಗೆ ಬಂದಿದೆ, ಅದರ ಹಿಂದಿನ ಅರಿವು ಬಂದಿಲ್ಲ. ಹೃದಯದಿಂದ ಹೊರಟ ನೋವಿನ ನರಗಳೂ ಎಡಗೈಯ ಒಳಬದಿಯಿಂದ ಬರುವ ನರಗಳೂ ಬೆನ್ನುಹುರಿಯ ಒಂದೇ ಭಾಗವನ್ನು ಸೇರುತ್ತವೆ. ನೋವು ಎಲ್ಲಿಯದೆಂದು ಮಿದುಳಿಗೆ ಗೊಂದಲವಾಗುತ್ತದೆ. ಹೃದಯ ಕೂತಿರುವುದು ವಪೆಯ ಮೇಲೆ, ವಪೆಯ ಕೆಳಗೇ ಜಠರ. ಹೃದಯದ ನೋವು ಕೆಲವರಲ್ಲಿ ಹೊಟ್ಟೆಯ ಮೇಲ್ಭಾಗದ ಸಂಕಟವಾಗಿ, ವಾಕರಿಕೆಯಾಗಿ ಕಾಣಿಸುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ನೋವೇ ಇರದೆ ಬರೀ ಬೆವರು, ಸುಸ್ತು ಇರಬಹುದು. ರಕ್ತ ನಿಂತ ಹೃದಯದ ಸ್ನಾಯು ಅರ್ಧ ಗಂಟೆಯೊಳಗೇ ಸಾಯತೊಡಗುತ್ತದೆ.

ಈಗ ರಾಜ್ಯದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಇಸಿಜಿ ತೆಗೆಯುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಆದರೆ ಆ ಮೇಜಿನವರೆಗೆ ರೋಗಿ ಬರಬೇಕಲ್ಲ! ‘ಅಜ್ಜಿ, ಇದು ಗ್ಯಾಸ್ಟ್ರಿಕ್ ಅಲ್ಲದೇ ಇರಬಹುದು, ಏಳಿ, ಈಗಲೇ ಹೋಗೋಣ’ ಎಂದು ಕನ್ನಡದಲ್ಲಿ, ಕಾರಣ ಸಮೇತ ಹೇಳಬಲ್ಲ ಒಬ್ಬರು ಆ ಬೀದಿಯಲ್ಲಿರಬೇಕು. ಆ ಒಬ್ಬರು ಗುಬ್ಬಿಯ ಬಸ್ಸಿನಲ್ಲಿ ಬರುವ ನನ್ನ ವಿದ್ಯಾರ್ಥಿನಿ ಆಗಿರಬಹುದು. ಬೆಳ್ಳಾವೆಯ ಮೇಷ್ಟ್ರು ಪತ್ರಿಕೆಯಲ್ಲಿ ಶುರುಮಾಡಿದ ಕೆಲಸ ಮುಂದುವರಿಯಬೇಕಾಗಿರುವುದು ಈಗ ಅವಳ ಬಾಯಲ್ಲಿ.