ಒಸ್ತಿಯಾದಲ್ಲಿ ತಡೆದ ಕಣ್ಣೀರು: ಸಂತ ಅಗಸ್ಟೀನರ ಎರಡು ಶೋಕಗಳು

ಕ್ರಿ.ಶ. 387ರಲ್ಲಿ ಸಂತ ಅಗಸ್ಟೀನರು ಆಫ್ರಿಕಕ್ಕೆ ಮರಳುವ ದಾರಿಯಲ್ಲಿ ರೋಮಿನ ಬಂದರು ಒಸ್ತಿಯಾದಲ್ಲಿ ತಂಗಿದ್ದಾಗ ಅವರ ತಾಯಿ ಮೋನಿಕಾ ಜ್ವರದಿಂದ ತೀರಿಕೊಂಡರು. ತಾಯಿಗೆ 56ನೆಯ ವರ್ಷ, ಮಗನಿಗೆ 33ನೆಯದು. ಅದೇ ವರ್ಷದ ಈಸ್ಟರಿನಲ್ಲಿ ಮಗ ಮಿಲಾನಿನ ಬಿಷಪ್ ಆಂಬ್ರೋಸರಿಂದ ದೀಕ್ಷಾಸ್ನಾನ ಪಡೆದಿದ್ದರು. ಸುಮಾರು ಹತ್ತು ವರ್ಷಗಳ ನಂತರ ಬರೆದ ‘ಕನ್ಫೆಷನ್ಸ್’ ಕೃತಿಯ ಒಂಬತ್ತನೆಯ ಭಾಗದಲ್ಲಿ ಈ ಸಾವಿನ ವೃತ್ತಾಂತವಿದೆ. ಭಕ್ತೆಯಾದ ತಾಯಿಯ ಆದರ್ಶಚಿತ್ರವೆಂದು ಅದನ್ನು ಓದುವುದು ರೂಢಿ. ಶೋಕದಲ್ಲಿರುವ ವಿಶ್ವಾಸಿಯನ್ನು ದೇವರು ಹೇಗೆ ಸಂತೈಸುತ್ತಾರೆ ಎಂಬುದಕ್ಕೂ ಅದು ಸಾಕ್ಷಿ ಎಂಬುದು ಈ ಲೇಖನದ ವಾದ.

ಅದೇ ಕೃತಿಯ ನಾಲ್ಕನೆಯ ಭಾಗದಲ್ಲಿ ಇನ್ನೊಂದು ಶೋಕವಿದೆ. ಹುಟ್ಟೂರು ತಗಾಸ್ತೆಯಲ್ಲಿ ಅವರ ಗೆಳೆಯನೊಬ್ಬ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಗೆಳೆಯನ ಹೆಸರನ್ನು ಅವರು ಬರೆದಿಲ್ಲ. ಆಗ ಅವರು ಕ್ರೈಸ್ತ ಸಭೆಯ ಹೊರಗಿನ ಮಾನಿ ಮತದವರು. ದೇವರಲ್ಲಿ ಭರವಸೆಯಿಡು ಎಂದು ಮನಸ್ಸಿಗೆ ಹೇಳಿದರೂ ಅದು ಕೇಳಲಿಲ್ಲ; ತಾನು ಕಲ್ಪಿಸಿಕೊಂಡಿದ್ದ ದೇವರಿಗಿಂತ ಕಳೆದುಹೋದ ಗೆಳೆಯನೇ ಹೆಚ್ಚು ನಿಜವಾಗಿದ್ದ ಎನ್ನುತ್ತಾರೆ. ಅತ್ತು ಅತ್ತು, ಕೊನೆಗೆ ಊರನ್ನೇ ಬಿಟ್ಟು ಕಾರ್ಥೇಜಿಗೆ ಹೋದರು. ಆ ಅಳುವನ್ನು ಕೇಳುವವರು ಯಾರೂ ಇರಲಿಲ್ಲ.

ಒಸ್ತಿಯಾದಲ್ಲಿ ನಡೆದದ್ದು ಇದಕ್ಕೆ ತೀರ ಬೇರೆ. ತಾಯಿಯ ಕಣ್ಣುಗಳನ್ನು ಮುಚ್ಚಿದ ಅಗಸ್ಟೀನರು ತಮ್ಮ ಕಣ್ಣೀರನ್ನು ಬಲವಂತವಾಗಿ ಒಳಗೇ ಇಂಗಿಸಿಕೊಂಡರು. ಗೋಳೋ ಎಂದು ಅತ್ತ ಬಾಲಕ ಮಗ ಅಡಿಯೊಡೇಟಸನನ್ನೂ ಎಲ್ಲರೂ ಸುಮ್ಮನಾಗಿಸಿದರು. ವಿಶ್ವಾಸದಲ್ಲಿ ಸತ್ತವರಿಗಾಗಿ ಗೋಳಾಡುವುದು ಸಲ್ಲದು ಎಂಬುದು ಅವರೆಲ್ಲರ ಎಣಿಕೆ. ಜೊತೆಗಿದ್ದ ಗೆಳೆಯ ಎವೋಡಿಯಸ್ ಕೀರ್ತನೆ ಹಾಡತೊಡಗಿದ, ಮನೆಯವರು ದನಿಗೂಡಿಸಿದರು. ಸಮಾಧಿಗೆ ಹೋಗಿ ಬಂದರೂ ಅಗಸ್ಟೀನರ ಕಣ್ಣು ಒದ್ದೆಯಾಗಲಿಲ್ಲ. ಸ್ನಾನಗೃಹಕ್ಕೆ ಹೋದರು, ದುಃಖ ತೊಳೆದು ಹೋಗಲಿಲ್ಲ. ನಿದ್ದೆಯಿಂದ ಎದ್ದಾಗ ಭಾರ ಕೊಂಚ ಇಳಿದಿತ್ತು. ಹಾಸಿಗೆಯಲ್ಲಿ ಒಬ್ಬರೇ ಇದ್ದಾಗ ಆಂಬ್ರೋಸರು ರಚಿಸಿದ ಸಂಜೆಯ ಸ್ತುತಿಗೀತೆ ನೆನಪಾಯಿತು. ಅದರ ಹಿಂದೆಯೇ ತಾಯಿಯ ಮಮತೆಯೂ ನೆನಪಾಗಿ ಕಣ್ಣೀರಿನ ಕಟ್ಟೆ ಒಡೆಯಿತು. ಅಲ್ಲಿ ಕೇಳಿಸಿಕೊಂಡದ್ದು ದೇವರ ಕಿವಿ, ಆಡಿಕೊಳ್ಳುವ ಮನುಷ್ಯರದ್ದಲ್ಲ ಎಂದು ಅವರು ಬರೆಯುತ್ತಾರೆ.

ಈ ಕ್ರಮವನ್ನು ನಾನು ಬಹಳ ಮುಖ್ಯವೆಂದು ಭಾವಿಸುತ್ತೇನೆ. ಶೋಕದ ಆ ಹೊತ್ತಿನಲ್ಲಿ ಅವರಿಗೆ ಯಾವ ದರ್ಶನವೂ ಆಗಲಿಲ್ಲ, ದೇವರು ಈ ಸಾವನ್ನು ಏಕೆ ತಂದರೆಂಬುದೂ ತಿಳಿಯಲಿಲ್ಲ. ಸಾಂತ್ವನ ಬಂದದ್ದು ಸಭೆಯೊಡನೆ ಹಾಡಿ ಬಾಯಿಪಾಠವಾಗಿದ್ದ ಗೀತೆಯೊಂದರಿಂದ, ದೇವರ ಮುಂದೆ ಅಳಬಹುದೆಂಬ ಧೈರ್ಯದಿಂದ. ನಮ್ಮ ಸಾವಿನ ಮನೆಗಳಲ್ಲಿ ‘ಅಳಬೇಡಿ, ಅವರು ದೇವರ ಬಳಿ ಇದ್ದಾರೆ’ ಎನ್ನುವವರ ಕಳಕಳಿ ದೊಡ್ಡದು. ಆದರೆ ಆ ಮಾತು ಅಗಸ್ಟೀನರನ್ನು ಒಣಗಿಸಿತ್ತು, ಸಂತೈಸಿರಲಿಲ್ಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಅತ್ತದ್ದು ಪಾಪವಾಗಿರಬಹುದೆಂಬ ಅಳುಕು ಅದೇ ಪುಟಗಳಲ್ಲಿದೆ. ಕಣ್ಣೀರು ದೇಹಭಾವದ ದೌರ್ಬಲ್ಯವೇ ಎಂದು ಅವರು ಕೇಳಿಕೊಳ್ಳುತ್ತಾರೆ. ಭಾವಾವೇಗವನ್ನು ಗೆಲ್ಲುವವನೇ ಜ್ಞಾನಿ ಎಂಬ ಸ್ಟೋಯಿಕ್ ವಿಚಾರದ ನೆರಳು ಇಲ್ಲಿ ಕಾಣುತ್ತದೆ ಎಂದು ನನಗನ್ನಿಸುತ್ತದೆ. ಮುಂದೆ ‘ದೇವರ ನಗರ’ದ 14ನೆಯ ಭಾಗದಲ್ಲಿ ಅವರು ಈ ವಿಚಾರವನ್ನು ನೇರವಾಗಿ ಎದುರಿಸಿದರು. ಲಾಜರನನ್ನು ಎಬ್ಬಿಸುವ ಮುನ್ನ ಕ್ರಿಸ್ತನು ಕಣ್ಣೀರಿಟ್ಟದ್ದನ್ನು ಅಲ್ಲಿ ಎತ್ತಿ ಹೇಳುತ್ತಾರೆ. ಸತ್ತವನು ಇನ್ನೇನು ಎದ್ದು ಬರುತ್ತಾನೆಂದು ತಿಳಿದಿದ್ದವನೇ ಅತ್ತಿರುವಾಗ, ಪುನರುತ್ಥಾನದ ನಂಬಿಕೆ ಕಣ್ಣೀರಿಗೆ ವಿರೋಧಿ ಎನ್ನಲಾಗದು. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದರಷ್ಟು ಪ್ರಲಾಪಗಳೆಂಬುದೂ, 88ನೆಯ ಕೀರ್ತನೆ ಕತ್ತಲೆಯಲ್ಲೇ ನಿಲ್ಲುತ್ತದೆಂಬುದೂ ಇದನ್ನೇ ಬಲಪಡಿಸುತ್ತವೆ.

ಸಾಂತ್ವನ ಒಬ್ಬರಲ್ಲೇ ನಿಲ್ಲಲೂ ಇಲ್ಲ. ತಗಾಸ್ತೆಯಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಬಹುಕಾಲ ಬಯಸಿದ್ದ ಮೋನಿಕಾ ಕೊನೆಗೆ ಕೇಳಿಕೊಂಡದ್ದು ಬೇರೆ: ದೇಹವನ್ನು ಎಲ್ಲಾದರೂ ಹೂಳಿ, ಬಲಿಪೀಠದಲ್ಲಿ ನನ್ನನ್ನು ಸ್ಮರಿಸಿ. ಒಂಬತ್ತನೆಯ ಭಾಗದ ಕೊನೆಯ ಪ್ರಾರ್ಥನೆಯಲ್ಲಿ ಅಗಸ್ಟೀನರು ಅದನ್ನು ನಡೆಸಿಕೊಡುತ್ತಾರೆ. ಇಡೀ ಕೃತಿಯಲ್ಲಿ ಅಲ್ಲಿ ಮಾತ್ರ ತಾಯಿಯ ಹೆಸರು ಬರುತ್ತದೆ, ತಂದೆ ಪ್ಯಾಟ್ರಿಸಿಯಸರ ಹೆಸರಿನೊಂದಿಗೆ. ಓದುವವರೆಲ್ಲ ಇವರಿಬ್ಬರನ್ನೂ ಬಲಿಪೀಠದಲ್ಲಿ ಸ್ಮರಿಸಲಿ, ಆಗ ತನ್ನೊಬ್ಬನ ಪ್ರಾರ್ಥನೆಗಿಂತ ಹೆಚ್ಚಿನದು ತಾಯಿಗೆ ಸಲ್ಲುವುದು ಎಂದು ಅವರು ಬೇಡಿಕೊಳ್ಳುತ್ತಾರೆ.