ಓದಿದ್ದು ಅರ್ಥವಾಯಿತೆ?

ಕಳೆದ ಮಳೆಗಾಲದ ಒಂದು ಭಾನುವಾರ ಹೊನ್ನಾವರದ ಸಮೀಪದ ಮೀನುಗಾರರ ಕೇರಿಯೊಂದರಲ್ಲಿ ಪರಿಚಯದವರ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ದೋಣಿಗಳೆಲ್ಲ ದಡ ಸೇರಿದ್ದವು. ಮನೆಯ ಯಜಮಾನರು ಹರಿದ ಬಲೆಯನ್ನು ಕಾಲ ಮೇಲೆ ಹರಡಿಕೊಂಡು ಸರಿಪಡಿಸುತ್ತಿದ್ದರು. ಐದನೆಯ ಇಯತ್ತೆಯ ಅವರ ಮಗಳು ನವೋದಯ ಶಾಲೆಯ ಪ್ರವೇಶ ಪರೀಕ್ಷೆಗೆಂದು ಅಭ್ಯಾಸದ ಪುಸ್ತಕ ತೆರೆದು ಉತ್ತರಗಳಿಗೆ ಗುರುತು ಹಾಕುತ್ತಿದ್ದಳು. ಕನ್ನಡ ಕಲಿಸುವವರು ಮನೆಗೆ ಬಂದರೆ ಸುಮ್ಮನೆ ಬಿಟ್ಟಾರೆಯೆ? "ಸರ್, ಇದೊಂದು ನೋಡಿ" ಎಂದು ಪುಸ್ತಕ ನನ್ನ ಮುಂದೆ ಬಂತು.

ಹತ್ತು ಸಾಲಿನ ಒಂದು ಗದ್ಯಭಾಗ. ಮೀನುಗಾರನೊಬ್ಬ ನಸುಕಿನಲ್ಲಿ ಕಡಲಿಗೆ ಹೋಗುತ್ತಾನೆ, ಮಧ್ಯಾಹ್ನ ಕಾರ್ಮೋಡ ಕವಿಯುತ್ತದೆ, ಬೇಗನೆ ಮರಳುತ್ತಾನೆ. ಅವನು ಬೇಗ ಮರಳಿದ್ದೇಕೆ? ಬಲೆ ತುಂಬಿತು, ಮೋಡ ಕವಿಯಿತು, ಬಲೆ ಹರಿಯಿತು, ಸಂಜೆಯಾಯಿತು ಎಂದು ನಾಲ್ಕು ಉತ್ತರಗಳು. ಹುಡುಗಿ ಮೂರನೆಯದಕ್ಕೆ ಗುರುತು ಹಾಕಿದ್ದಳು.

"ಬಲೆ ಹರಿಯಿತೆಂದು ಎಲ್ಲಿದೆ, ತೋರಿಸು" ಎಂದೆ.

"ಇದರಲ್ಲಿಲ್ಲ ಸರ್. ಆದರೆ ನಮ್ಮಪ್ಪ ಮೋಡ ಆಯ್ತು ಅಂತ ತಿರುಗಿ ಬರೂದಿಲ್ಲ. ಬಲೆ ಹರಿದ್ರೆ ಮಾತ್ರ ಬರ್ತಾರೆ."

ತಂದೆ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಹುಡುಗಿ ಹೇಳಿದ್ದು ಸತ್ಯ. ಆದರೆ ಆ ಸತ್ಯಕ್ಕೆ ಅಂಕವಿಲ್ಲ.

ಅಂಕವಿಲ್ಲದಿದ್ದರೆ ಏನಾಯಿತು ಎನ್ನುವ ಹಾಗೂ ಇಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯೊಡನೆ ದೇಶದಲ್ಲೆಲ್ಲ ಬೆಳೆದ ನವೋದಯ ವಿದ್ಯಾಲಯಗಳಲ್ಲಿ ಊಟ, ವಸತಿ, ಪುಸ್ತಕಗಳೊಡನೆ ವಿದ್ಯೆ ದೊರೆಯುತ್ತದೆ. ನಮ್ಮ ಜಿಲ್ಲೆಯದು ಘಟ್ಟದ ಮೇಲೆ ಮುಂಡಗೋಡ ತಾಲ್ಲೂಕಿನಲ್ಲಿದೆ. ಆರನೆಯ ತರಗತಿಗೆ ವರ್ಷಕ್ಕೆ ಹೆಚ್ಚೆಂದರೆ 80 ಮಕ್ಕಳು. ಅವರಲ್ಲಿ ಮುಕ್ಕಾಲು ಪಾಲು ಹಳ್ಳಿಯವರಿರಬೇಕು. ಈಚಿನ ವರ್ಷಗಳ ಕ್ರಮದಂತೆ ಪರೀಕ್ಷೆಗೆ 2 ಗಂಟೆ, 80 ಪ್ರಶ್ನೆ, 100 ಅಂಕ. ಭಾಷೆಯ ಪಾಲು 20 ಪ್ರಶ್ನೆ, 25 ಅಂಕ. ನಾಲ್ಕು ಗದ್ಯಭಾಗಗಳು, ಒಂದೊಂದಕ್ಕೆ ಐದು ಪ್ರಶ್ನೆಗಳು. ಒಮ್ಮೆ ಪರೀಕ್ಷೆಗೆ ಕುಳಿತ ಮಗುವಿಗೆ ಎರಡನೆಯ ಅವಕಾಶವಿಲ್ಲ. ಭಟ್ಕಳದಿಂದ ಕುಮಟೆಯವರೆಗಿನ ಎಷ್ಟೋ ಮನೆಗಳಲ್ಲಿ ಮಕ್ಕಳು ರಾತ್ರಿ ದೀಪದ ಕೆಳಗೆ ಇಂಥ ಗದ್ಯಭಾಗಗಳೊಡನೆ ಸೆಣಸುವುದು ಈ ಕಾರಣದಿಂದ.

ಓದಿನ ಬಾಗಿಲಲ್ಲಿ ಹೀಗೆ ಕಾವಲು ನಿಲ್ಲಿಸುವ ಪದ್ಧತಿ ನಮ್ಮ ಕರಾವಳಿಗೆ ಹೊಸದಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿತು. ಅಲ್ಲಿಯವರೆಗೆ ಮಂಗಳೂರಿನ ಕಡೆ ಮುಖ ಮಾಡಿದ್ದ ನಮ್ಮ ಶಾಲೆಗಳು ಕ್ರಮೇಣ ಧಾರವಾಡದ ಕಡೆ ತಿರುಗಿದುವು. ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳನ್ನು ಕಟ್ಟಲು ಡೆಪ್ಯುಟಿ ಚನ್ನಬಸಪ್ಪನವರಂಥವರು (1834–1881) ಅಲ್ಲಿ ಪಟ್ಟ ಪಾಡು ಎಲ್ಲರಿಗೂ ತಿಳಿದದ್ದೇ. ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ ಬಂತು. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆಯೋ ಕಾರಕೂನಿಕೆಯೋ ಸಿಕ್ಕುವ ಆಸೆ. ನಪಾಸಾದವನಿಗೆ ಮತ್ತೆ ಗದ್ದೆ, ತೋಟ, ದೋಣಿ. ಇಂಗ್ಲಿಷ್ ಕಲಿತವರಿಗೆ 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್. ಅದು ಹೆಸರಿನಿಂದಲೂ ಉದ್ದೇಶದಿಂದಲೂ ಪ್ರವೇಶ ಪರೀಕ್ಷೆಯೇ.

ಅದೇ 1862ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ಶಿಕ್ಷಣ ನಿಯಮಾವಳಿಯೊಂದು ಜಾರಿಗೆ ಬಂತು. ಇನ್‌ಸ್ಪೆಕ್ಟರನ ಮುಂದೆ ಮಗು ಓದಿ, ಬರೆದು, ಲೆಕ್ಕ ಮಾಡಿ ತೋರಿಸಿದರೆ ಶಾಲೆಗೆ ಹಣ, ಇಲ್ಲವಾದರೆ ಕಡಿತ. ಫಲವೇನಾಯಿತು? ಮಕ್ಕಳು ಪುಸ್ತಕವನ್ನೇ ಬಾಯಿಪಾಠ ಮಾಡಿ, ತಿಳಿಯದೆ 'ಓದ'ತೊಡಗಿದರು. ಸ್ವತಃ ಶಾಲಾ ಇನ್‌ಸ್ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡರು ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದರು. ಓದುವುದು ಬೇರೆ, ತಿಳಿಯುವುದು ಬೇರೆ ಎಂಬುದು ಪರೀಕ್ಷಕರಿಗೆ ಮನದಟ್ಟಾಗಲು ಇನ್ನೂ ಕಾಲ ಹಿಡಿಯಿತು.

ಇಂದಿನ ಗುರುತು ಹಾಕುವ ಪ್ರಶ್ನೆಯ ಮೂಲ ಅಮೆರಿಕದಲ್ಲಿದೆ. 1915ರ ಸುಮಾರಿಗೆ ಫ್ರೆಡರಿಕ್ ಕೆಲ್ಲಿ ಎಂಬವರು ಕಾನ್ಸಾಸ್ ಪ್ರಾಂತದಲ್ಲಿ ಮೌನವಾಚನದ ಪರೀಕ್ಷೆಯೊಂದನ್ನು ರಚಿಸಿದರು. ತಿದ್ದುವವನ ಮನೋಧರ್ಮಕ್ಕೆ ತಕ್ಕಂತೆ ಅಂಕ ಬದಲಾಗಬಾರದು, ಒಂದು ಪ್ರಶ್ನೆಗೆ ಒಂದೇ ಸರಿಯುತ್ತರವಿರಬೇಕು ಎಂಬುದು ಅವರ ಹಟ. ಆ ಹಟದಲ್ಲಿ ನ್ಯಾಯವೂ ಇತ್ತು. ತಿದ್ದುವವನಿಗೆ ಬಡವನ ಮಗನೂ ಶ್ರೀಮಂತನ ಮಗನೂ ಬರಿಯ ಗುರುತುಗಳಾಗಿ ಕಾಣುತ್ತಾರೆ.

1917ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞರು ಇನ್ನೂ ಮುಂದೆ ಹೋಗಿ ಮಕ್ಕಳ ತಪ್ಪು ಉತ್ತರಗಳನ್ನೇ ಅಭ್ಯಾಸ ಮಾಡಿದರು. ಅವರು ಬಳಸಿದ ಗದ್ಯಭಾಗ ಬಹಳ ಸರಳ: ಫ್ರಾಂಕ್ಲಿನ್ ಎಂಬ ಊರಿನಲ್ಲಿ 7ರಿಂದ 14 ವರ್ಷದ ಮಕ್ಕಳು ಶಾಲೆಗೆ ಬರಲೇಬೇಕು, ಮಗುವಿಗೆ ಕಾಯಿಲೆಯಾದರೆ, ಮನೆಯಲ್ಲಿ ಅಂಟುರೋಗವಿದ್ದರೆ, ದಾರಿ ಕೆಟ್ಟು ನಡೆಯಲಾಗದಿದ್ದರೆ ಮಾತ್ರ ವಿನಾಯಿತಿ. ಹಲವು ಮಕ್ಕಳು ಫ್ರಾಂಕ್ಲಿನ್ ಎಂಬುದನ್ನು ಮನುಷ್ಯನೆಂದೇ ತಿಳಿದು ಉತ್ತರ ಬರೆದರು. ಒಂದು ಪದ ಮನಸ್ಸನ್ನು ಹಿಡಿದರೆ ಉಳಿದ ಪದಗಳ ದನಿ ಅಡಗಿಹೋಗುತ್ತದೆ. ಪ್ರತಿಯೊಂದು ಪದಕ್ಕೂ ತಕ್ಕ ತೂಕ ಕೊಟ್ಟು ಕೂಡಿಸುವುದೇ ಓದು. ಆದುದರಿಂದ ಓದೆಂಬುದು ಲೆಕ್ಕ ಬಿಡಿಸಿದಷ್ಟೇ ವಿಚಾರದ ಕೆಲಸ. ಇದು ಅವರ ಸಿದ್ಧಾಂತ.

ಥಾರ್ನ್‌ಡೈಕರ ಕಣ್ಣಿನಿಂದ ನೋಡಿದರೆ ನಮ್ಮ ಹುಡುಗಿಯ ತಪ್ಪಿನ ಬೇರು ಕಾಣುತ್ತದೆ. 'ಬಲೆ' ಎಂಬ ಪದ ಅವಳ ಮನಸ್ಸನ್ನು ಹಿಡಿದಿತ್ತು. ಏಕೆಂದರೆ ಬಲೆ ಅವಳ ಕಣ್ಣೆದುರಿಗೇ ಇತ್ತು. ಆದರೆ ಇಷ್ಟರಿಂದ ಮಾತು ಮುಗಿಯಲಿಲ್ಲ. ಆ ಗದ್ಯಭಾಗದ ಕನ್ನಡ ಯಾರದು? ಭಟ್ಕಳದ ನವಾಯತರ ಮನೆಯಲ್ಲಿ ನವಾಯತಿ; ಖಾರ್ವಿಗಳ ಮನೆಯಲ್ಲಿ ಕೊಂಕಣಿ; ಕುಮಟೆಯ ಕಡೆ ಹಾಲಕ್ಕಿ ಒಕ್ಕಲಿಗರದು ಅವರದೇ ಕನ್ನಡ; ಹೊನ್ನಾವರದ ಅಡಿಕೆ ತೋಟಗಳಲ್ಲಿ ಹವ್ಯಕರ ಕನ್ನಡ. ಹೊನ್ನಾವರದ ಬಳಿಯ ಕರ್ಕಿಯ ವೆಂಕಟರಮಣ ಶಾಸ್ತ್ರಿ ಸೂರಿಯವರು 1887ರಷ್ಟು ಹಿಂದೆಯೇ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ದಲ್ಲಿ ಈ ಮನೆಮಾತಿಗೆ ಸ್ಥಾನ ಕೊಟ್ಟರು. ಪ್ರಶ್ನಪತ್ರಿಕೆ ಇಂದಿಗೂ ಕೊಟ್ಟಿಲ್ಲ. ಆದ್ದರಿಂದ ನಮ್ಮ ಮಗು ಎರಡು ಕೆಲಸ ಮಾಡಬೇಕು: ಮೊದಲು ಪುಸ್ತಕದ ಕನ್ನಡವನ್ನು ತನ್ನ ಮಾತಿಗೆ ತಿರುಗಿಸಿಕೊಳ್ಳಬೇಕು, ಆಮೇಲೆ ಉತ್ತರ ಹುಡುಕಬೇಕು. ಗಡಿಯಾರ ಮಾತ್ರ ಎಲ್ಲರಿಗೂ ಒಂದೇ.

ಹಾಗಾದರೆ ಪರೀಕ್ಷೆಯನ್ನೇ ತೆಗೆದುಹಾಕೋಣವೆ? ಬೇಡ. 'ಇಲ್ಲಿ ಬರೆದಿರುವುದೇನು?' ಎಂದು ಕೇಳಿಕೊಳ್ಳುವ ಶಿಸ್ತು ಸಣ್ಣದಲ್ಲ. ಸಾಲದ ಪತ್ರಕ್ಕೆ ರುಜು ಹಾಕುವವನಿಗೂ ಔಷಧದ ಚೀಟಿ ಓದುವವಳಿಗೂ ಅದು ಬೇಕು. ಈ ಶಿಸ್ತು ನಮಗೆ ಪರಕೀಯವೂ ಅಲ್ಲ. ತಾಳಮದ್ದಲೆಯನ್ನು ಕಂಡವರು ಬಲ್ಲರು: ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿ ಅದರ ಅರ್ಥವನ್ನು ಬೆಳೆಸುತ್ತಾನೆ. ಎಷ್ಟು ಬೆಳೆಸಿದರೂ ಪದದ ಬೇರು ಬಿಡುವಂತಿಲ್ಲ; ಬಿಟ್ಟರೆ ಎದುರಿನ ಅರ್ಥಧಾರಿ ಅಲ್ಲಿಯೇ ಹಿಡಿಯುತ್ತಾನೆ. ಕೆರೆಮನೆ ಶಿವರಾಮ ಹೆಗಡೆಯವರ (1908–1992) ಊರಿನ ಮಕ್ಕಳಿಗೆ, ಪದಕ್ಕೂ ಅರ್ಥಕ್ಕೂ ಇರುವ ನಂಟನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಶಾಲೆ ಅದನ್ನು ನೆನಪಿಸಿದರೆ ಸಾಕು.

ನಾವು ನೆನಪಿಸುತ್ತಿದ್ದೇವೆಯೆ? ಕಾಲೇಜಿನಲ್ಲಿ ನನ್ನ ಅನುಭವ ಬೇರೆಯೇ. ಪದ್ಯ ಕೊಟ್ಟು ಸಾರಾಂಶ ಬರೆಯಿರಿ ಎಂದರೆ ಗೈಡಿನ ಸಾರಾಂಶ ಬರುತ್ತದೆ. ಎಲ್ಲಿದೆ ತೋರಿಸು ಎಂದು ನಾನೂ ಕೇಳಿದ್ದು ಕಡಿಮೆ. ಹತ್ತು ವರ್ಷದ ಮಗುವಿನ ಮುಂದೆ ನಾಲ್ಕು ಉತ್ತರಗಳನ್ನಿಟ್ಟು ಒಂದನ್ನು ಆರಿಸೆನ್ನುವ ಮೊದಲು, ಅದು ಆರಿಸಿದ್ದು ಏಕೆಂದು ಕೇಳುವವರು ಒಬ್ಬರಾದರೂ ಬೇಕು. ತಪ್ಪು ಉತ್ತರದ ಹಿಂದೆ ದಡ್ಡತನವಿರುವುದು ಅಪರೂಪ; ಅಲ್ಲಿ ಬಹುಮಟ್ಟಿಗೆ ಇರುವುದು ಒಂದು ಮನೆ, ಒಂದು ಮಾತು, ಒಂದು ಕಸುಬು.

ನವರಾತ್ರಿಯ ಹೊತ್ತಿಗೆ ಮತ್ತೆ ಆ ಕೇರಿಗೆ ಹೋಗಿದ್ದೆ. ತಂದೆ ಕಡಲಿಗೆ ಹೋಗಿದ್ದರು. ಹುಡುಗಿ ಈಗ ಉತ್ತರಕ್ಕೆ ಗುರುತು ಹಾಕುವ ಮೊದಲು ಆಧಾರದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ. ಹಳೆಯ ಪುಟವನ್ನೇ ತೆರೆದು, ಎರಡನೆಯ ಉತ್ತರದ ಮೇಲೆ ಬೆರಳಿಟ್ಟು ಹೇಳಿದಳು:

"ಪುಸ್ತಕದವ ಮೋಡ ನೋಡಿ ತಿರುಗಿ ಬಂದ ಸರ್, ಇಲ್ಲೇ ಬರೆದಿದೆ. ನಮ್ಮಪ್ಪನ ಬಗ್ಗೆ ಇವರು ಕೇಳಲೇ ಇಲ್ಲ."