ತುತ್ತಿನ ಲೆಕ್ಕ ಕೇಳಿದವರು

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಕಡೆ ಹೋದವರು ಭದ್ರಾ ನಾಲೆಯ ನೀರುಂಡು ತೂಗುವ ಬತ್ತದ ಗದ್ದೆಗಳನ್ನು ಕಂಡೇ ಇರುತ್ತೀರಿ. ಆದರೆ ಬತ್ತ ಬೆಳೆಯುವ ಸೀಮೆಯಲ್ಲಿ ಬತ್ತ ಎಲ್ಲರದೂ ಅಲ್ಲ. ಗದ್ದೆಯಿಲ್ಲದ ಕೂಲಿಯವನು ಅಲ್ಲಿಯೂ ಕಾರ್ಡು ಹಿಡಿದು ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲಬೇಕು. ೨೦೧೮ರ ಜುಲೈ ತಿಂಗಳ ರಾಜ್ಯ ಆಯವ್ಯಯದಲ್ಲಿ ತಲೆಗೆ ಏಳು ಕಿಲೋ ಇದ್ದ ಅನ್ನಭಾಗ್ಯದ ಅಕ್ಕಿಯನ್ನು ಐದು ಕಿಲೋಗೆ ಇಳಿಸುವ ಸೂಚನೆ ಬಂದಿತು. ಆಳುವ ಪಕ್ಷಗಳ ಒಳಗಿನಿಂದಲೇ ಆಕ್ಷೇಪಣೆ ಎದ್ದು ಏಳು ಕಿಲೋ ಉಳಿಯಿತು. ಉಳ್ಳವರಿಗೆ ಎರಡು ಕಿಲೋ ಅಕ್ಕಿ ಯಾವ ಲೆಕ್ಕ? ಇಲ್ಲದವರ ಮನೆಯಲ್ಲಿ ಅದು ತಿಂಗಳ ಕೊನೆಯ ಐದಾರು ದಿನಗಳ ಊಟ.

ನಮ್ಮ ನಾಡಿನಲ್ಲಿ ಇದಕ್ಕಿಂತ ಕ್ರೂರವಾದ ಕಡಿತವೊಂದು ಹಿಂದೆ ನಡೆದಿತ್ತು. ೧೮೭೬ರಲ್ಲಿ ಮಳೆ ಕೈಕೊಟ್ಟು ಬಂದ ಧಾತು ಈಶ್ವರ ಸಂವತ್ಸರಗಳ ಬರದ ಮಾತನ್ನು ಹಿರಿಯರಿಂದ ಕೇಳಿದ್ದೀರಿ. ಸರ್ಕಾರ ಪರಿಹಾರದ ಕಾಮಗಾರಿಗಳನ್ನು ತೆರೆದಿತ್ತು. ಖರ್ಚು ಹೆಚ್ಚಾಗುತ್ತಿದೆಯೆಂದು ಕಂಡು, ಅದನ್ನು ಹಿಡಿತಕ್ಕೆ ತರಲು ವೈಸರಾಯರು ಸರ್ ರಿಚರ್ಡ್ ಟೆಂಪಲ್ ಎಂಬಾತನನ್ನು ಕಳುಹಿಸಿದರು. ಮೂರು ವರ್ಷದ ಹಿಂದೆ ಬಿಹಾರದ ಬರದಲ್ಲಿ ಈತನೇ ಧಾರಾಳವಾಗಿ ಖರ್ಚುಮಾಡಿ ಜನರನ್ನು ಉಳಿಸಿದ್ದ. ಹಾಗೆ ಉಳಿಸಿದ್ದಕ್ಕೆ ಮೇಲಿನವರಿಂದ ಬೈಸಿಕೊಂಡಿದ್ದ. ಈ ಸಲ ಪಾಠ ಕಲಿತು ಬಂದವನು ೧೮೭೭ರ ಆರಂಭದಲ್ಲಿ, ಬಳ್ಳಾರಿಯೂ ಆಗ ಸೇರಿದ್ದ ಮದರಾಸು ಆಧಿಪತ್ಯದಲ್ಲಿ, ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ, ಮೇಲೆ ಚಿಲ್ಲರೆ ಕಾಸು ಸಾಕೆಂದು ಗೊತ್ತುಮಾಡಿದ. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತ ಕಡಿಮೆ. ಮದರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್ ಇದು ಸಾಲದೆಂದು, ಒಂದೂವರೆ ಪೌಂಡಾದರೂ ಬೇಕೆಂದು ಹಟ ಹಿಡಿದು ವಾದಿಸಿದ. ಕೆಲವು ತಿಂಗಳ ಮೇಲೆ ಪಡಿಯನ್ನು ತುಸು ಏರಿಸಿದರು. ಅಷ್ಟರೊಳಗೆ ಸತ್ತವರು ಸತ್ತರು. ಇತ್ತ ಬ್ರಿಟಿಷ್ ಕಮಿಷನರರ ಆಳ್ವಿಕೆಯಲ್ಲಿದ್ದ ಮೈಸೂರು ಸೀಮೆಯ ಜನಗಣತಿಯನ್ನು ನೋಡಿ: ೧೮೭೧ರಲ್ಲಿ ೫೦ ಲಕ್ಷದ ೫೫ ಸಾವಿರ, ೧೮೮೧ರಲ್ಲಿ ೪೧ ಲಕ್ಷದ ೮೬ ಸಾವಿರ.

ಆ ಬರದಲ್ಲಿ ಫ್ರೆಂಚ್ ಕಥೋಲಿಕ ಪಾದ್ರಿಗಳೂ ಕನ್ಯಾಸ್ತ್ರೀಯರೂ ತಬ್ಬಲಿ ಮಕ್ಕಳನ್ನು ಕೂಡಿಸಿ ಸಾಕಿದರು. ಅದು ದೊಡ್ಡ ಕೆಲಸವೇ ಸರಿ. ಆದರೆ ಹಸಿದವನಿಗೆ ಗಂಜಿ ಹಾಕುವುದು ಒಂದು, ಗಂಜಿಯನ್ನು ಕಡಿಮೆ ಮಾಡಿದ ಸರ್ಕಾರವನ್ನು ಲೆಕ್ಕ ಕೇಳುವುದು ಇನ್ನೊಂದು. ದಾನಕ್ಕೆ ಹೆಸರಾದ ಕಥೋಲಿಕ ಧರ್ಮಸಭೆ ಈ ಎರಡನೆಯ ಕೆಲಸಕ್ಕೆ ಕೈಹಾಕಿದ್ದು ಹೇಗೆ? ಅದನ್ನು ತಿಳಿಯಲು ನಾವು ಕಡಲು ದಾಟಬೇಕು; ಆ ವಾದ ಬಹುಕಾಲ, ಬಹು ಗಟ್ಟಿಯಾಗಿ ನಡೆದದ್ದು ಅಮೆರಿಕದಲ್ಲಿ.

೧೮೯೧ರಲ್ಲಿ ಹದಿಮೂರನೆಯ ಲಿಯೋ ಪೋಪರು ಕೂಲಿಕಾರರ ಸ್ಥಿತಿಯನ್ನು ಕುರಿತು ಒಂದು ಸುತ್ತೋಲೆ ಬರೆದರು. ಸ್ವಂತ ಆಸ್ತಿಯ ಹಕ್ಕನ್ನು ಎತ್ತಿಹಿಡಿದ ಆ ಪತ್ರವೇ, ಬಡವರಿಗೆ ಸರ್ಕಾರದ ರಕ್ಷಣೆ ವಿಶೇಷವಾಗಿ ಸಲ್ಲಬೇಕೆಂದೂ ಹೇಳಿತು. ಮಿನ್ನೆಸೋಟಾದ ರೈತನ ಮಗ, ಪಾದ್ರಿ ಜಾನ್ ರಯಾನ್ ಆ ಮಾತನ್ನು ಹಿಡಿದು ೧೯೦೬ರಲ್ಲಿ ಬದುಕಲು ಸಾಲುವಷ್ಟು ಕೂಲಿಯನ್ನು ಕುರಿತು ಪುಸ್ತಕ ಬರೆದ. ೧೯೧೯ರಲ್ಲಿ ಆತನೇ ಬರೆದ ಕರಡನ್ನು ನಾಲ್ವರು ಬಿಷಪ್ಪರು ತಮ್ಮ ಹೆಸರಿನಲ್ಲಿ ಹೊರತಂದರು: ಕನಿಷ್ಠ ಕೂಲಿ, ಮುಪ್ಪಿಗೆ ವಿಮೆ, ಕಾಯಿಲೆಗೆ ವಿಮೆ, ಕೆಲಸ ಹೋದರೆ ವಿಮೆ. ಇದು ಸಮಾಜವಾದವೆಂದು ಕಾರ್ಖಾನೆಯ ಧಣಿಗಳು ಗುಲ್ಲೆಬ್ಬಿಸಿದರು. ಆದರೆ ೧೯೩೫ರ ಸಾಮಾಜಿಕ ಭದ್ರತೆಯ ಕಾಯಿದೆಯಲ್ಲಿ ಇವುಗಳಲ್ಲಿ ಕೆಲವು ಕಾನೂನೇ ಆದವು.

ಕೊಟ್ಟದ್ದನ್ನು ಕಿತ್ತುಕೊಳ್ಳುವ ಕಾಲ ಆಮೇಲೆ ಬಂದಿತು. ೧೯೮೧ರಿಂದ ರೇಗನ್ನರ ಸರ್ಕಾರ ಬಡವರ ಬಾಬತುಗಳನ್ನು ಕತ್ತರಿಸತೊಡಗಿದಾಗ ಬಿಷಪ್ಪರು ಆಕ್ಷೇಪಿಸಿದರು. ೧೯೮೬ರಲ್ಲಿ ದೇಶದ ಅರ್ಥವ್ಯವಸ್ಥೆಯನ್ನೇ ನ್ಯಾಯದ ತಕ್ಕಡಿಗಿಟ್ಟು ದೀರ್ಘವಾದ ಪತ್ರ ಹೊರಡಿಸಿದರು. ೧೯೯೬ರ ಜಗಳ ಇನ್ನೂ ಸ್ವಾರಸ್ಯವಾದದ್ದು. ಬಡ ತಾಯಂದಿರಿಗೆ ೧೯೩೫ರಿಂದ ನಡೆದು ಬಂದಿದ್ದ ಸಹಾಯದ ಖಾತರಿಯನ್ನು ಕ್ಲಿಂಟನ್ನರ ಸಹಿ ಬಿದ್ದ ಕಾಯಿದೆ ಕೊನೆಗೊಳಿಸಿತು. ಸಹಾಯ ಪಡೆಯುತ್ತಿರುವಾಗ ಇನ್ನೊಂದು ಮಗು ಹುಟ್ಟಿದರೆ ಅದರ ಪಾಲಿಗೆ ಏನೂ ಇಲ್ಲವೆನ್ನಲು ಪ್ರಾಂತ್ಯಗಳಿಗೆ ಅವಕಾಶವಾಯಿತು. ಹಾಗೆ ಮಾಡಿದರೆ ಬಡ ಹೆಂಗಸು ಗರ್ಭಪಾತದತ್ತ ತಳ್ಳಲ್ಪಡುವಳೆಂದು ಬಿಷಪ್ಪರ ವಾದ. ಗರ್ಭಪಾತ ಕೂಡದೆನ್ನುವ ರಾಜಕಾರಣಿಗಳೇ ಹುಟ್ಟಿದ ಕೂಸಿನ ಹಾಲಿನ ಕಾಸನ್ನು ಕತ್ತರಿಸಿದರೆ ಅದೆಂಥ ನ್ಯಾಯ ಹೇಳಿ! ಬಿಷಪ್ಪರು ಸೋತರು.

೨೦೧೨ರಲ್ಲಿ ಮುಂದೆ ಬಂದವರು ಕನ್ಯಾಸ್ತ್ರೀಯರು. ಪಾಲ್ ರಯಾನ್ ಎಂಬ ಪ್ರತಿನಿಧಿ ಆಹಾರದ ಚೀಟಿ, ಬಡವರ ವೈದ್ಯಸಹಾಯ ಮುಂತಾದುವನ್ನು ಬಹಳವಾಗಿ ಇಳಿಸುವ ಆಯವ್ಯಯ ಯೋಜನೆ ತಂದಿದ್ದ. ಮೇಲೆ ಹೇಳಿದ ಪಾದ್ರಿಗೂ ಇವನಿಗೂ ಹೆಸರೊಂದೇ ಸಮ. ಇವನೂ ಕಥೋಲಿಕನೇ, ಹತ್ತಿರದವರು ಮಾಡಬಹುದಾದ ಕೆಲಸಕ್ಕೆ ದೂರದ ಸರ್ಕಾರ ಕೈಹಾಕಬಾರದೆಂಬ ಧರ್ಮಸಭೆಯ ತತ್ವವನ್ನೇ ತನ್ನ ಕಡೆಗೆ ಎಳೆದುಕೊಂಡಿದ್ದ. ಬಿಷಪ್ಪರು ಒಪ್ಪಲಿಲ್ಲ. ವಕೀಲೆಯೂ ಆಗಿದ್ದ ಕನ್ಯಾಸ್ತ್ರೀ ಸಿಮೋನ್ ಕ್ಯಾಂಪ್‌ಬೆಲ್ ಜೊತೆಗಾರ್ತಿಯರೊಡನೆ ಜೂನ್ ತಿಂಗಳಲ್ಲಿ ಒಂದು ಬಸ್ಸು ಹತ್ತಿ ಒಂಬತ್ತು ಪ್ರಾಂತ್ಯಗಳನ್ನು ಸುತ್ತಿ ವಾಷಿಂಗ್ಟನ್ ಸೇರಿದಳು. ಆಕೆಯ ಸಂಸ್ಥೆಯನ್ನು ರೋಮಿನ ಧರ್ಮಾಧಿಕಾರಿಗಳು ಆಕ್ಷೇಪಿಸಿ ಆಗಿನ್ನೂ ಎರಡೇ ತಿಂಗಳಾಗಿತ್ತೆಂಬುದನ್ನೂ ಗಮನಿಸಿ. ಸರ್ಕಾರ ಹಿಂದೆಗೆದರೆ ಗುಡಿ ಚರ್ಚುಗಳು ನೋಡಿಕೊಳ್ಳುತ್ತವೆಂಬ ವಾದಕ್ಕೆ ಆಕೆಯಲ್ಲಿ ಉತ್ತರವಿತ್ತು. ಹಸಿವಿನ ವಿರುದ್ಧ ದುಡಿಯುವ ಒಂದು ಕ್ರೈಸ್ತ ಸಂಸ್ಥೆ ಕೂಡಿಸಿದ ಲೆಕ್ಕವದು: ಆಹಾರದ ಕಡಿತವೊಂದನ್ನೇ ತುಂಬಿಕೊಡಲು ದೇಶದ ಪ್ರತಿಯೊಂದು ಚರ್ಚೂ ವರ್ಷಕ್ಕೆ ೫೦ ಸಾವಿರ ಡಾಲರಿನಂತೆ ಹತ್ತು ವರ್ಷ ಕೂಡಿಸಬೇಕು. ಹುಂಡಿ ಎಣಿಸಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆ ಯೋಜನೆ ಕಾನೂನಾಗಲಿಲ್ಲ. ಸೆನೆಟ್ಟು ಒಪ್ಪದ್ದೇ ಅದಕ್ಕೆ ಮುಖ್ಯ ಕಾರಣ, ಬಸ್ಸಲ್ಲ.

ಎದುರಾಳಿಗಳ ಒಂದು ಮಾತನ್ನು ಮುಚ್ಚಿಡಬಾರದು. ಕಥೋಲಿಕ ಸೇವಾಸಂಸ್ಥೆಗಳಿಗೆ ಅಲ್ಲಿ ಸರ್ಕಾರದ ಹಣ ಹೇರಳವಾಗಿ ಬರುತ್ತದೆ; ತಮ್ಮ ಕಾಸಿಗಾಗಿಯೇ ಇವರ ಕೂಗು ಎಂಬುದು ಆ ಮಾತು. ನನ್ನ ಮಟ್ಟಿಗೆ ಇದು ಅರ್ಧ ಮಾತು. ಬಡವರ ಅಡುಗೆಮನೆಯನ್ನು ದಿನವೂ ಕಾಣುವವರಿಗಿಂತ ಚೆನ್ನಾಗಿ ಕಡಿತದ ಫಲವನ್ನು ಬಲ್ಲವರು ಯಾರು? ಕಾರ್ನಿಷನಿಗೂ ಬಲ ಬಂದದ್ದು ಶಿಬಿರದಲ್ಲಿ ಕಂಡ ಎಲುಬುಗಳಿಂದಲೇ.

೨೦೨೫ರ ಜುಲೈ ೪ರಂದು ಅಲ್ಲಿ ಇನ್ನೊಂದು ಕಾಯಿದೆಗೆ ಸಹಿ ಬಿದ್ದಿತು. ಗರ್ಭಪಾತದ ವಿಷಯದಲ್ಲಿ ತಮಗೆ ಬೇಕಾದ ಅಂಶ ಅದರಲ್ಲಿದ್ದರೂ ಬಿಷಪ್ಪರು ಆಹಾರದ, ವೈದ್ಯಸಹಾಯದ ಕಡಿತಗಳನ್ನು ಖಂಡಿಸಿದರು, ಕಡಿತ ನಿಲ್ಲಲಿಲ್ಲ. ಮಕ್ಕಳ ಹೊಣೆಯಿಲ್ಲದ, ಮೈಗಟ್ಟಿಯಾದವರು ಆಹಾರದ ಚೀಟಿ ಪಡೆಯಬೇಕಾದರೆ ದುಡಿಯುತ್ತಿರಬೇಕೆಂಬ ನಿಬಂಧನೆ ಮೊದಲು ೫೪ ವರ್ಷದವರೆಗೆ ಇತ್ತು. ಈಗ ಅದು ೬೪ರವರೆಗೆ.